ಭಾನುವಾರದ ಮೊದಲ ತುತ್ತು ಲುಟ್ಸ್‌ನದು

ಭಾನುವಾರ ಊಟಕ್ಕೆ ಕುಳಿತಾಗ ನನ್ನ ಬಲಗೈ ಚಪಾತಿಯ ಮೊದಲ ತುಂಡನ್ನು ಮುರಿದು ಎಡಗೈಗೆ ಕೊಡುತ್ತದೆ, ಎಡಗೈ ಅದನ್ನು ಹಿಡಿದುಕೊಂಡು ಮೇಜಿನ ಕೆಳಗೆ ಹೋಗುತ್ತದೆ. ಇದರಲ್ಲಿ ನನ್ನ ಪಾತ್ರವೇನೂ ಇಲ್ಲ. ಕೈಗಳೆರಡೂ ತಮ್ಮ ತಮ್ಮಲ್ಲೇ ಮಾತಾಡಿಕೊಂಡು ಮಾಡುವ ಕೆಲಸ ಅದು. ಕೆಳಗೆ ತೆಗೆದುಕೊಳ್ಳುವವರು ಯಾರೂ ಇಲ್ಲವಾದ್ದರಿಂದ ಕೈ ಸ್ವಲ್ಪ ಹೊತ್ತು ಅಲ್ಲೇ ಇದ್ದು, ಪೆಚ್ಚಾಗಿ ಮೇಲೆ ಬರುತ್ತದೆ.

"ಹೋತ್ ನೋಡ್ರಿ, ಇವತ್ತೂ ಕೈ ಕೆಳಗ ಹೋತು," ಎನ್ನುತ್ತಾಳೆ ಹೆಂಡತಿ ಗಿರಿಜಾ. ಧಾರವಾಡದವಳು. "ಕಾರ್ಪೆಟ್ ನಿನ್ನೆರೆ ಸ್ವಚ್ಛ ಮಾಡೀನಿ. ತುಣುಕು ಬಿತ್ತಂದ್ರ ಧೂಳು ಎಳಿಯೂ ಸ್ಟೌಬ್‌ಸೌಗರ್ ನೀವ ಹಿಡೀಬೇಕು ನೋಡ್ರಿ ಮತ್ತ."

ಮಗಳು ಕನ್ನಡದಲ್ಲಿ ಕೇಳಿದ್ದಕ್ಕೂ ಜರ್ಮನ್ನಿನಲ್ಲೇ ಉತ್ತರಿಸುವ ಪೈಕಿ. ಅವಳು ಮೇಜಿನ ಕೆಳಗೆ ಬಗ್ಗಿ ನೋಡಿ, "ಪಾಪಾ, ದಾ ಇಸ್ಟ್ ಕೈನ್ ಹುಂಡ್," ಎಂದು ತೀರ್ಪು ಕೊಡುತ್ತಾಳೆ. ಅಲ್ಲಿ ನಾಯಿಯೇ ಇಲ್ಲ ಎಂದು ಅರ್ಥ. ನಾಯಿ ಇಲ್ಲವೆಂಬುದು ನನಗೂ ಗೊತ್ತು. ಜರ್ಮನಿಯ ಬಾನ್ ನಗರದ ನಮ್ಮ ಈ ಬಾಡಿಗೆ ಮನೆಯ ಕರಾರಿನಲ್ಲಿ ಪಕ್ಷಿ ಮತ್ತು ಮೀನಿಗೆ ಮಾತ್ರ ಅನುಮತಿ ಇದೆ.

ನಾಯಿ ಇದ್ದದ್ದು ಕಾರ್ಲ್ಸ್‌ರುಹೆಯಲ್ಲಿ, ಅರವತ್ತರ ದಶಕದ ನಡುವಿನಲ್ಲಿ, ನಾನು ಅಲ್ಲಿ ಡಾಕ್ಟರೇಟಿಗೆಂದು ಓದುತ್ತಿದ್ದಾಗ. ನನ್ನದೂ ಅಲ್ಲ, ನಾನು ಬಾಡಿಗೆಗಿದ್ದ ಮನೆಯ ಒಡತಿ ಫ್ರೌ ಕ್ನೋಪ್ ಅವರದು. ಹೆಸರು ಲುಟ್ಸ್, ಜಾತಿಯಲ್ಲಿ ಡಾಕೆಲ್. ಡಾಕೆಲ್ ಅಂದರೆ ಗೊತ್ತಲ್ಲ, ದೇವರು ಮೈಯ ಉದ್ದಕ್ಕೆ ಧಾರಾಳವಾಗಿ ಖರ್ಚು ಮಾಡಿ, ಕಾಲಿಗೆ ಬರುವಷ್ಟರಲ್ಲಿ ಸಾಮಾನು ಸಾಲದೆ ಹೋದ ನಾಯಿ. ಕಾಲು ಗಿಡ್ಡವಾದರೂ ಅಹಂಕಾರಕ್ಕೇನೂ ಕೊರತೆ ಇಲ್ಲ. ಲುಟ್ಸ್‌ನ ಕೊರಳಲ್ಲಿ ನಗರಸಭೆಗೆ ತೆರಿಗೆ ಕಟ್ಟಿದ್ದಕ್ಕೆ ಒಂದು ಬಿಲ್ಲೆ ತೂಗುತ್ತಿತ್ತು. ನನ್ನ ಬಳಿ ವರ್ಷ ವರ್ಷವೂ ಹೊಸದು ಮಾಡಿಸಬೇಕಾದ ವಾಸದ ಪರವಾನಗಿ ಇತ್ತು. ಆ ಮನೆಯಲ್ಲಿ ಯಾರು ಖಾಯಂ, ಯಾರು ಹಂಗಾಮಿ ಎಂಬುದರಲ್ಲಿ ನಮ್ಮಿಬ್ಬರಿಗೂ ಅನುಮಾನವಿರಲಿಲ್ಲ.

ಮನೆಯೊಡೆಯ ಹೆರ್ ಕ್ನೋಪ್ ರೈಲ್ವೆಯಲ್ಲಿದ್ದವರು, ನಾನು ಹೋಗುವ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಪ್ರತಿ ಶನಿವಾರ ಅವರು ಗುಡಾರ ಹೊತ್ತುಕೊಂಡು, ಲುಟ್ಸ್‌ನನ್ನು ಕರೆದುಕೊಂಡು, ರೈನ್ ನದಿಯ ಆಚೆಗಿನ ಫಾಲ್ಸ್ ಕಾಡಿಗೆ ಹೋಗಿ ಕೆಂಪು ಬಂಡೆಗಳ ನಡುವೆ ಒಂದು ರಾತ್ರಿ ಮಲಗಿ ಬರುತ್ತಿದ್ದರಂತೆ. ಅವರು ಹೋದ ಮೇಲೆ ನಾಯಿ ಪಡಸಾಲೆಯಲ್ಲಿ ಅವರ ಬೂಟುಗಳ ಮೇಲೆ ಗದ್ದವೂರಿ ಮಲಗಿಬಿಟ್ಟಿತ್ತು. ಫ್ರೌ ಕ್ನೋಪ್ ಅವರಿಗೆ ಮಂಡಿನೋವು. ಹಾಗಾಗಿ ಬಾಡಿಗೆ ಕೋಣೆ ಕೇಳಿಕೊಂಡು ಹೋದವನಿಗೆ ಅವರು ಕೇಳಿದ ಮೊದಲ ಪ್ರಶ್ನೆ, "ನಿಮಗೆ ನಡೆಯಲು ಬರುತ್ತದೆಯೇ?" ಎಂಬುದು. ನಡೆಯುವುದೂ ಒಂದು ವಿದ್ಯೆಯೇ ಎಂದು ನನಗೆ ಒಳಗೊಳಗೇ ನಗು ಬಂತು. ಬರುತ್ತದೆ ಎಂದೆ. ಹೆರ್ ಕ್ನೋಪ್ ಅವರ ಗುಡಾರ, ಬೆನ್ನುಚೀಲ, ನಕ್ಷೆ ಎಲ್ಲವೂ ಅಂದೇ ನನ್ನ ಕೋಣೆಗೆ ಬಂದವು. ಬೂಟು ನನಗೆ ದೊಡ್ಡದಾಯಿತು. ಉಣ್ಣೆಯ ಕಾಲುಚೀಲ ಎರಡೆರಡು ಏರಿಸಿ ಹಾಕಿಕೊಂಡೆ. ಬೂಟು ಎದ್ದು ಹೊರಟದ್ದು ನೋಡಿ ಲುಟ್ಸ್ ಕೂಡ ಎದ್ದ.

ರೈಲಿಳಿದು, ಬಸ್ಸಿಳಿದು, ದಾನ್ ಎಂಬ ಊರಿನಾಚೆ ಕಾಡಿನ ದಾರಿ ತಿರುಗಿದಾಗ ಆ ಬಂಡೆಗಳು ಕಂಡವು. ನಾನು ಅಲ್ಲೇ ನಿಂತೆ. ನಾನು ಹುಟ್ಟಿದ್ದು ಬಾದಾಮಿಯಲ್ಲಿ. ಕಣ್ಣು ಬಿಟ್ಟಾಗಿನಿಂದ ಕೆಂಪು ಕಲ್ಲು ನೋಡಿದವನು. ಅದೇ ಬಣ್ಣ, ಅದೇ ಪದರ ಪದರ, ಮೇಲೆ ಅಗಲ ಕೆಳಗೆ ಸಣ್ಣಗೆ ಕೊರೆದುಹೋದ ಅದೇ ರೂಪ. ಕೈಯಲ್ಲಿ ಉಜ್ಜಿದರೆ ಅಂಗೈಗೆ ಅಂಟುವ ಅದೇ ಕೆಂಪು ಮರಳು. ಹಳಬರು ಬಂಡೆಯನ್ನೇ ಕೊರೆದು ಕೋಟೆ ಕಟ್ಟಿದ್ದಾರೆ, ಮೆಟ್ಟಿಲು ಕಡಿದಿದ್ದಾರೆ. ಮಂಗಗಳೊಂದು ಇಲ್ಲ. ಮಂಗ ಇಲ್ಲದ ಬಾದಾಮಿ. ನಾಚಿಕೆ ಬಿಟ್ಟು ಹೇಳುತ್ತೇನೆ, ಬಂಡೆಗೆ ಹಣೆ ಹಚ್ಚಿ ಅತ್ತೆ. ಲುಟ್ಸ್ ಸ್ವಲ್ಪ ದೂರದಲ್ಲಿ ಕುಳಿತು, ಈ ಮನುಷ್ಯನಿಗೆ ಇನ್ನೂ ಎಷ್ಟು ಹೊತ್ತು ಬೇಕು ಎಂಬಂತೆ ನೋಡುತ್ತಿದ್ದ.

ಇನ್ನು ನಮ್ಮ ಆಯಿಯ ವಿಷಯ ಹೇಳದೆ ಮುಂದೆ ಹೋಗಲಾಗದು. ಆಯಿ ಎಂದರೆ ಅಪ್ಪನ ತಾಯಿ. ಅಪ್ಪ ಬೇಗ ಹೋದ. ಅವ್ವ ಹೊಲ ನೋಡಿಕೊಂಡಳು, ಆಯಿ ನನ್ನನ್ನು ನೋಡಿಕೊಂಡಳು. ನಾನು ಮಲಗುತ್ತಿದ್ದದ್ದು ಅವಳ ಕೌದಿಯಲ್ಲಿ, ಉಣ್ಣುತ್ತಿದ್ದದ್ದು ಅವಳ ಗಂಗಾಳದಲ್ಲಿ. ನಮ್ಮ ಮನೆದೇವರು ಮೈಲಾರಲಿಂಗ. ಅವನ ವಾರ ಭಾನುವಾರ, ಅವನ ಸಂಗಡ ಇರುವುದು ನಾಯಿ. ಕರಿ ಕಂಬಳಿ ಹೊದ್ದ ಗೊರವಪ್ಪಗಳು ಡಮರು ಬಾರಿಸುತ್ತಾ ಬಂದು, ದೇವರ ನಾಯಿಗಳೇ ತಾವೆಂದು ಬೊಗಳಿ, ನೆಲಕ್ಕಿಟ್ಟ ದೋಣಿಯಾಕಾರದ ಪಾತ್ರೆಗೆ ಬಾಯಿ ಹಾಕಿ ಹಾಲು ಬಾಳೆಹಣ್ಣು ತಿನ್ನುವುದನ್ನು ನಾನು ಅವಳ ಸೆರಗಿನ ಹಿಂದೆ ನಿಂತು ನೋಡುತ್ತಿದ್ದೆ. ಭಾನುವಾರ ನಮ್ಮ ಮನೆಯಲ್ಲಿ ಮೊದಲ ರೊಟ್ಟಿ ನಾಯಿಯದು. ಅದು ತಿಂದು ಮುಗಿಸುವವರೆಗೆ ಮಕ್ಕಳಿಗೂ ಇಲ್ಲ, ಬಂದ ಬೀಗರಿಗೂ ಇಲ್ಲ.

"ಹಸಿವು ಆಗೇತಿ ಆಯಿ," ಎಂದು ನಾನು ಗೋಗರೆದರೆ, "ಅದಕ್ಕೂ ಆಗೇತಿ. ಅದಕ್ಕ ಕೇಳಾಕ ಬಾಯಿಲ್ಲ, ನಿನಗ ಐತಿ. ಯಾರಿಗಿ ಮದ್ಲ ಕೊಡಬೇಕು ಹೇಳು?" ಎನ್ನುತ್ತಿದ್ದಳು. ಓಣಿಯ ಬಡಕಲು ನಾಯಿಗೆ ಇಷ್ಟು ಗೊತ್ತಾಗಿತ್ತು, ಭಾನುವಾರ ಅದು ಬಾಗಿಲಲ್ಲಿ ಬೀಗರ ಗತ್ತಿನಲ್ಲಿ ಕುಳಿತಿರುತ್ತಿತ್ತು.

ಜರ್ಮನಿಗೆ ಹೊರಟಾಗ ಆಯಿ ಸ್ಟೇಷನ್ನಿಗೆ ಬರಲಿಲ್ಲ. ಹೊಸ್ತಿಲಲ್ಲೇ ನನ್ನ ಗದ್ದ ಹಿಡಿದು, "ಎಲ್ಲಿಗಾರ ಹೋಗು, ಎಷ್ಟಾರ ಕಲಿ. ನಾ ಹೋಗೂವಾಗ ಬಂದು ನನ್ನ ಬಾಯಾಗ ನೀರು ನೀನ ಬಿಡಬೇಕು, ಮಲ್ಲ್ಯಾ. ಬ್ಯಾರೇದವರು ಬಿಟ್ರ ನಾ ಕುಡಿಯಂಗಿಲ್ಲ," ಎಂದಳು. ಬಿಡುತ್ತೇನೆ ಎಂದು ಅವಳ ಕೈಮೇಲೆ ಕೈಯಿಟ್ಟೆ. ಆಗ ನನಗೆ ಅದೊಂದು ಮಾತು ಅಷ್ಟೇ ಆಗಿತ್ತು.

ಕೆಂಪು ಬಂಡೆಯ ಕೆಳಗೆ ಗುಡಾರ ಹಾಕಿ ಒಬ್ಬನೇ ಮಲಗಿ ಎದ್ದ ಮೊದಲ ಭಾನುವಾರ, ಊರಿನಿಂದ ಪಾರ್ಸಲ್ಲಿನಲ್ಲಿ ಬಂದ ಕಟಕ ರೊಟ್ಟಿಯ ಗಂಟು ಬಿಚ್ಚಿದೆ. ಜೋಳದ ಒಣರೊಟ್ಟಿ ಹಡಗಿನಲ್ಲಿ ತಿಂಗಳುಗಟ್ಟಲೆ ಬಂದರೂ ಕೆಡುವುದಿಲ್ಲ. ಫ್ರೌ ಕ್ನೋಪ್ ಅದನ್ನು ಮೊದಲ ಸಲ ನೋಡಿ ಬೆರಳಿನಿಂದ ತಟ್ಟಿ, "ಇದು ಮನೆಯ ಯಾವ ಭಾಗಕ್ಕೆ ಹಾಕುವುದು?" ಎಂದು ಕೇಳಿದ್ದರು. ರೊಟ್ಟಿ ಮುರಿದೆ. ತುತ್ತು ಬಾಯಿಯ ಹತ್ತಿರ ಹೋಗಿ ನಿಂತಿತು. ನಾನು ವಿಜ್ಞಾನ ಓದಿದವನು, ಮೈಲಾರಲಿಂಗನನ್ನು ಮುಂಬೈ ಬಂದರಿನಲ್ಲೇ ಇಳಿಸಿ ಬಂದಿದ್ದೇನೆ ಎಂದು ತಿಳಿದಿದ್ದೆ. ಆದರೆ ಎದುರಿಗೆ ನಾಯಿ, ದಿನ ಭಾನುವಾರ, ಸುತ್ತ ಬಾದಾಮಿಯ ಕಲ್ಲು. ಗಂಟಲು ಒಪ್ಪಲಿಲ್ಲ. ಲುಟ್ಸ್‌ನ ಮುಂದೆ ಆ ತುಂಡು ಇಟ್ಟೆ. ಅವನು ನನ್ನನ್ನೊಮ್ಮೆ, ರೊಟ್ಟಿಯನ್ನೊಮ್ಮೆ ನೋಡಿದ. ನಂಬಲಾಗದ ಮಾತು ಕೇಳಿದವರು ಹೀಗೆ ನೋಡುತ್ತಾರೆ. ಆಮೇಲೆ ಕಟಕಟ ಶಬ್ದ ಮಾಡುತ್ತಾ ತಿಂದ. ಅವನದು ಮುಗಿದ ಮೇಲೆ ನಾನು ಉಂಡೆ. ಇದು ವಾರ ವಾರವೂ ನಡೆಯಿತು.

ಗುಟ್ಟು ರಟ್ಟಾದದ್ದು ಮಳೆ ಬಂದು ಬೆಟ್ಟಕ್ಕೆ ಹೋಗಲಾಗದ ಒಂದು ಭಾನುವಾರ, ಫ್ರೌ ಕ್ನೋಪ್ ಅವರ ಅಡುಗೆಮನೆಯಲ್ಲಿ. ನಾನು ಮೊದಲ ತುಂಡು ಕೆಳಗಿಟ್ಟದ್ದು ನೋಡಿ ಅವರ ಕೈಯ ಚಮಚ ನಿಂತಿತು.

"ಹೆರ್ ಮಲ್ಲಪ್ಪ! ನೀವು ತಿನ್ನುವ ಮೊದಲೇ ಅವನಿಗೆ ಕೊಟ್ಟಿರಾ?"

"ಹೌದು. ಭಾನುವಾರ ಹಾಗೆ."

"ಎಷ್ಟು ಭಾನುವಾರಗಳಿಂದ?"

ಹೇಳಿದೆ. ಅವರು ಕುರ್ಚಿಯಲ್ಲಿ ಕುಳಿತುಬಿಟ್ಟರು. ಮನೆಯಲ್ಲಿ ಯಾರು ಮೊದಲು ತಿನ್ನುತ್ತಾರೋ ನಾಯಿಯ ಲೆಕ್ಕದಲ್ಲಿ ಅವರೇ ಯಜಮಾನರಂತೆ. ಹೆರ್ ಕ್ನೋಪ್ ಜೀವಮಾನವಿಡೀ ನಾಯಿಯ ಎದುರಿಗೇ ಒಂದು ಬಿಸ್ಕತ್ತು ಕಡಿದು ತಿಂದು, ಆಮೇಲೆ ಅದರ ಬಟ್ಟಲು ಇಡುತ್ತಿದ್ದರಂತೆ. "ನೀವು ಅವನನ್ನು ಮನೆಯ ಹಿರಿಯನನ್ನಾಗಿ ಮಾಡಿದ್ದೀರಿ. ಅವನ ಕಣ್ಣಿಗೆ ನೀವೀಗ ಏನು ಗೊತ್ತೇ? ಮರಿ! ಅವನು ಸಾಕಬೇಕಾದ ಮರಿ!" ಎಂದರು. ಕೋಪದಲ್ಲೇ ಹೇಳಿದರು, ಹೇಳುತ್ತಾ ಹೇಳುತ್ತಾ ನಗು ತಡೆಯಲಾಗದೆ ಏಪ್ರನ್ನಿನಿಂದ ಕಣ್ಣೊರೆಸಿಕೊಂಡರು. ಗಂಡನನ್ನು ಕಳೆದುಕೊಂಡ ಅವರು ನಕ್ಕದ್ದು ನಾನು ನೋಡಿದ್ದು ಅದೇ ಮೊದಲು.

ಆಗ ನನಗೆ ಒಂದೊಂದಾಗಿ ಅರ್ಥವಾಯಿತು. ದಾರಿ ಕವಲಾದಲ್ಲಿ ಲುಟ್ಸ್ ಆರಿಸಿದ ದಾರಿಯನ್ನೇ ಹಿಡಿಯಬೇಕಿತ್ತು. ಬೇರೆ ಕಡೆ ಹೊರಟರೆ ಕುಳಿತು ಆಕಳಿಸುತ್ತಿದ್ದ, ನಾನು ಬುದ್ಧಿ ಬಂದು ಹಿಂದಿರುಗುವವರೆಗೆ. ಬಂಡೆಗೆ ಹಾಕಿದ ಕಬ್ಬಿಣದ ಏಣಿ ಹತ್ತುವಾಗ ಅವನು ನನ್ನ ಬೆನ್ನುಚೀಲದೊಳಗೆ ಕುಳಿತು, ನನ್ನ ಹೆಗಲ ಮೇಲೆ ಮುಖ ಇಟ್ಟು ಕಿವಿಗೆ ಬಿಸಿಯುಸಿರು ಬಿಡುತ್ತಾ ಮೇಲ್ವಿಚಾರಣೆ ಮಾಡುತ್ತಿದ್ದ. ತೊರೆಗೆ ಇಳಿದರೆ ದಡದಲ್ಲಿ ನನ್ನ ಬಟ್ಟೆ ಕಾಯುತ್ತಿದ್ದ, ನೀರು ಸೊಂಟ ಮುಟ್ಟಿದರೆ ಬೈದು ಹೊರಗೆ ಕರೆಯುತ್ತಿದ್ದ. ತನ್ನ ರೊಟ್ಟಿ ಮುಗಿಸಿದ ಮೇಲೆ ನಾನು ಪೂರ್ತಿ ಉಣ್ಣುವವರೆಗೆ ಕದಲದೆ ನೋಡುತ್ತಿದ್ದ. ನಾನು ಕೂಗಿದರೆ ಮಾತ್ರ ಒಂದು ದಿನವೂ ಬರಲಿಲ್ಲ. ಹಿರಿಯರು ಕರೆದರೆ ಕಿರಿಯರು ಹೋಗಬೇಕೇ ಹೊರತು, ಕಿರಿಯರು ಕರೆದರೆಂದು ಹಿರಿಯರು ಓಡಿ ಹೋಗುವುದುಂಟೆ?

ಅಲ್ಲಿಯೇ ಓದುತ್ತಿದ್ದ ಮೈಸೂರಿನ ಗೆಳೆಯ ರಂಗನಾಥ ಒಮ್ಮೆ ಕೋಟು ಟೈ ಹಾಕಿಕೊಂಡು ನಮ್ಮ ಜೊತೆ ಬಂದಿದ್ದ. ಸಂಜೆಯಾಗುವಷ್ಟರಲ್ಲಿ ಟೈ ಜೇಬಿಗೆ ಹೋಗಿತ್ತು. "ಗುರು, ಊರಲ್ಲಿ ಇಲ್ದೇ ಇರೋ ಕಲ್ಲಾ ಇಲ್ಲಿ? ಅದೂ ಹೋಗ್ಲಿ, ನಾಯಿ ಸಾಕೋರ್ನ ನೋಡಿದೀನಿ, ನಾಯಿ ಕೈಲಿ ಸಾಕಿಸ್ಕೋತಾ ಇರೋ ಮನುಷ್ಯನ್ನ ಇದೇ ಫಸ್ಟ್ ಟೈಮ್ ಕಣಯ್ಯ ನೋಡ್ತಿರೋದು!" ಎಂದು ಬಿದ್ದು ಬಿದ್ದು ನಕ್ಕ. ಲುಟ್ಸ್ ಅವನಿಗೆ ಬೆನ್ನು ತಿರುಗಿಸಿ ಕುಳಿತ.

ಫ್ರೌ ಕ್ನೋಪ್ ನನ್ನನ್ನು ತಿದ್ದಲು ನೋಡಿದರು. ಸಂಜೆ ಸಂಜೆ ನನ್ನನ್ನು ಅಡುಗೆಮನೆಗೆ ಕರೆದು, ಲುಟ್ಸ್‌ನ ಎದುರು ಬಿಸ್ಕತ್ತು ತಿನ್ನಿಸಿ, ಆಮೇಲೆ ಅವನ ಬಟ್ಟಲು ಇಡಿಸುತ್ತಿದ್ದರು. ಆರು ದಿನ ಅವರ ಕಾನೂನು ನಡೆಯುತ್ತಿತ್ತು. ಏಳನೆಯ ದಿನ ಬಂಡೆಗಳ ನಡುವೆ ಆಯಿಯ ಕಾನೂನು. ಆರು ದಿನದ ಬಿಸ್ಕತ್ತಿಗಿಂತ ಒಂದು ದಿನದ ರೊಟ್ಟಿಯೇ ಗೆದ್ದಿತು. ನನಗೂ ಒಳಗೆ ಅದೇ ಬೇಕಿತ್ತು ಎಂದು ಕಾಣುತ್ತದೆ. ಆ ದೊಡ್ಡ ದೇಶದಲ್ಲಿ ನಾನು ಉಂಡೆನೋ ಇಲ್ಲವೋ ಎಂದು ನೋಡುವ ಜೀವ ಅದೊಂದೇ ಇತ್ತು.

ಮೂರನೆಯ ವರ್ಷದ ವಸಂತದಲ್ಲಿ ತಂತಿ ಬಂತು. ಆಯಿಗೆ ಹೆಚ್ಚಾಗಿದೆ, ಕೂಡಲೇ ಹೊರಡು ಎಂದು. ರಂಗನಾಥ ಓಡಾಡಿ ವಿಮಾನದ ಟಿಕೆಟ್ಟು ತಂದ. ಸಿಕ್ಕಿದ್ದು ಸೋಮವಾರ ಮಧ್ಯಾಹ್ನ ಫ್ರಾಂಕ್‌ಫರ್ಟಿನಿಂದ ಹೊರಡುವುದು. ತಂತಿ ಬಂದದ್ದು ಶುಕ್ರವಾರ. ನಡುವಿನ ಎರಡು ದಿನ ಕಳೆಯುವುದು ಹೇಗೆ? ಪೆಟ್ಟಿಗೆ ತುಂಬುವುದು, ಬಿಚ್ಚುವುದು, ಕೋಣೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ತಿರುಗುವುದು. ಶನಿವಾರ ಫ್ರೌ ಕ್ನೋಪ್ ಬಾಗಿಲು ತಟ್ಟಿದರು. "ನೀವು ಹೀಗೆ ತಿರುಗಿದರೆ ವಿಮಾನ ಬೇಗ ಹೊರಡುವುದಿಲ್ಲ. ಲುಟ್ಸ್‌ನನ್ನು ಕರೆದುಕೊಂಡು ಹೋಗಿ, ನಾಳೆ ಮಧ್ಯಾಹ್ನದ ಬಸ್ಸಿಗೆ ಬಂದುಬಿಡಿ," ಎಂದರು. ಅವರು ಹೇಳಿದ್ದು ಒಳ್ಳೆಯದಕ್ಕೇ. ನಾನು ಹೋದದ್ದೂ ಒಳ್ಳೆಯದಕ್ಕೇ.

ಭಾನುವಾರ ಬೆಳಿಗ್ಗೆ ರೊಟ್ಟಿ ಮುರಿದಾಗ ನಾನು ಮೊದಲ ಸಲ ಬಾಯಿಬಿಟ್ಟು ಬೇಡಿಕೊಂಡೆ. ಮೈಲಾರಲಿಂಗಾ, ನಾನು ಹೋಗುವವರೆಗೆ ಅವಳನ್ನು ಕಾಯಿ ಎಂದು. ಅಲ್ಲಿಯವರೆಗೆ ಅದು ಅಭ್ಯಾಸವಾಗಿತ್ತು, ಆ ದಿನ ನಂಬಿ ಕೊಟ್ಟೆ. ಲುಟ್ಸ್ ತಿಂದ, ನಾನು ಉಂಡು ಮುಗಿಸುವವರೆಗೆ ಕಾದ, ಗುಡ್ಡದ ನೆತ್ತಿಯ ಏಣು ದಾಟಿ ತನ್ನ ಗಸ್ತಿಗೆ ಹೊರಟ. ಗುಡಾರ ಬಿಚ್ಚುವ ಮೊದಲು ಅವನನ್ನು ಹಿಡಿದು ತರೋಣವೆಂದು ನಾನೂ ಏಣು ಹತ್ತಿ ಆಚೆ ಇಳಿದೆ. ಅಲ್ಲಿ ಒಂದು ದೊಡ್ಡ ಬಂಡೆಯ ಬುಡದಲ್ಲಿ ಹೊಸದಾಗಿ ತೋಡಿದ ಕೆಂಪು ಮರಳು ರಾಶಿ ಬಿದ್ದಿತ್ತು. ಅದರ ಹಿಂದಿನ ಬಿಲದೊಳಗೆ ಅವನ ಬಾಲ ಮಾಯವಾದದ್ದು ಕಣ್ಣಾರೆ ಕಂಡೆ.

ಡಾಕೆಲ್ ಎಂಬ ಜಾತಿಯೇ ಇದಕ್ಕಾಗಿ ಹುಟ್ಟಿದ್ದು. ಡಾಕ್ಸ್ ಎಂದು ಇಲ್ಲಿ ಒಂದು ಬಿಲದ ಪ್ರಾಣಿ ಇದೆ, ಮುಖಕ್ಕೆ ಬಿಳಿ ಪಟ್ಟೆ, ಕಾಲಿಗೆ ಭಯಂಕರ ಉಗುರು. ಅದನ್ನು ಬಿಲದೊಳಗೇ ಹೋಗಿ ಎದುರಿಸಲು ಬೇಟೆಗಾರರು ಬೆಳೆಸಿದ ನಾಯಿ ಇದು. ಒಳಗೆ ಮರಳು ಕುಸಿದು ಸಿಕ್ಕಿಬಿದ್ದು ಸತ್ತ ನಾಯಿಗಳ ಕಥೆಗಳನ್ನು ಫ್ರೌ ಕ್ನೋಪ್ ಅವರಿಂದಲೇ ಕೇಳಿದ್ದೆ. ಬಿಲದ ಬಾಯಿಯಲ್ಲಿ ಮೊಣಕಾಲೂರಿ ಕೂಗಿದೆ. ಉತ್ತರವಿಲ್ಲ. ಇನ್ನೂ ಜೋರಾಗಿ ಕೂಗಿದೆ. ಬಹಳ ಹೊತ್ತಾದ ಮೇಲೆ, ಎಲ್ಲೋ ಆಳದಿಂದ, ಕಲ್ಲಿನೊಳಗಿಂದ ಬಂದಂತೆ ಒಂದು ಬೊಗಳು ಕೇಳಿತು. ಬದುಕಿದ್ದಾನೆ! ಕೈಯಿಂದ ಮರಳು ಬಗೆದೆ. ಮೊಳದಷ್ಟು ಹೋಗುವಷ್ಟರಲ್ಲಿ ಬಂಡೆ ಅಡ್ಡ ಬಂತು.

ಮಧ್ಯಾಹ್ನದ ಬಸ್ಸು ಹೋಯಿತು. ಕೂಗಿದಾಗಲೆಲ್ಲ ಬೊಗಳು ಬರುತ್ತಿತ್ತು, ಲುಟ್ಸ್ ಬರುತ್ತಿರಲಿಲ್ಲ. ಒಂದು ಸಂಸಾರ ತಿರುಗಾಡಲು ಬಂದದ್ದು ಆ ದಾರಿಯಲ್ಲಿ ಹಾದುಹೋಯಿತು. ನಾನು ತೊದಲುತ್ತಾ ಹೇಳಿದ್ದು ಕೇಳಿ ಆ ಯಜಮಾನ, "ಬರುತ್ತಾನೆ ಬಿಡಿ, ಡಾಕೆಲ್‌ಗಳು ಹಾಗೇ," ಎಂದು ನಕ್ಕು ಹೋದ. ನಾನು ಹೇಗೆ ಬಿಡಲಿ? ಒಳಗಿನಿಂದ ಅವನು ಕೂಗಿಗೆ ಕೂಗು ಕೊಡುತ್ತಿದ್ದಾನೆ. ನಾನು ಎದ್ದು ಹೋದರೆ, ಅವನು ಹೊರಬಂದು ನನ್ನನ್ನು ಕಾಣದೆ ಈ ಕಾಡೆಲ್ಲ ಅಲೆಯುತ್ತಾನೆ. ಸಂಜೆಯ ಬಸ್ಸೂ ಹೋಯಿತು. ಒಂದು ಕಡೆ ಆಯಿ, ಒಂದು ಕಡೆ ಇವನು. ಆಯಿಯ ಬಳಿ ಅವ್ವ ಇದ್ದಾಳೆ, ಓಣಿಯೇ ಇದೆ. ಇವನಿಗೆ ನಾನೊಬ್ಬನೇ. ಅದೂ ಅಲ್ಲದೆ, ಕೇಳಲು ಬಾಯಿಲ್ಲದವರಿಗೆ ಮೊದಲು ಎಂದು ನನಗೆ ಕಲಿಸಿದವಳು ಯಾರು? ಹೀಗೆಲ್ಲ ನನ್ನೊಡನೆ ನಾನೇ ವಾದ ಹೂಡಿಕೊಂಡು, ಕೋಟು ಹೊದ್ದು, ಅಲ್ಲೇ ಬೆಳಗು ಮಾಡಿದೆ. ಆ ಹೊತ್ತಿಗೆ ನನ್ನ ದನಿ ಹೋಗಿತ್ತು.

ಬೆಳಕು ಹರಿದ ಮೇಲೆ ಊರಿಗೆ ಹೋಗಿ ಸಲಿಕೆ, ಜನ ಕರೆತರುವುದೆಂದು ಎದ್ದೆ. ಊರ ದಾರಿ ಗುಡಾರದ ಪಕ್ಕದಲ್ಲೇ ಹೋಗುತ್ತದೆ. ಏಣು ಹತ್ತಿ ಕೆಳಗೆ ನೋಡಿದರೆ, ಗುಡಾರದಿಂದ ತುಸು ದೂರದಲ್ಲಿ ಹಸಿರು ಟೊಪ್ಪಿಗೆಯ ಕಾಡಿನ ಅಧಿಕಾರಿಯೊಬ್ಬ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಗುಡಾರದ ಬಾಗಿಲಲ್ಲಿ, ಮೈಯೆಲ್ಲ ಕೆಂಪು ಮರಳು ಮೆತ್ತಿಕೊಂಡು, ಲುಟ್ಸ್ ಕುಳಿತಿದ್ದ.

"ಈ ನಾಯಿ ನಿಮ್ಮದೋ?" ಅಧಿಕಾರಿ ಸಿಟ್ಟಿನಿಂದ ಕೇಳಿದ. "ಇಲ್ಲಿ ಗುಡಾರ ಹಾಕುವಂತಿಲ್ಲ ಎಂದು ಹೇಳಲು ನಿನ್ನೆ ಮಧ್ಯಾಹ್ನವೇ ಬಂದಿದ್ದೆ. ಹತ್ತಿರ ಬಿಡಲೇ ಇಲ್ಲ. ಆಗಾಗ ಗುಡ್ಡದ ಕಡೆ ಮುಖ ಮಾಡಿ ಬೊಗಳುತ್ತಿತ್ತು, ಮತ್ತೆ ಕೂರುತ್ತಿತ್ತು. ನೀವೆಲ್ಲಿಗೆ ಹೋಗಿದ್ದಿರಿ?"

ನಿನ್ನೆ ಮಧ್ಯಾಹ್ನ. ಬಿಲಕ್ಕೆ ಏಣಿನ ಈಚೆಗೆ ಇನ್ನೊಂದು ಬಾಯಿ ಇತ್ತು. ಅವನು ಒಳಹೊಕ್ಕು, ತನ್ನ ಕೆಲಸ ಮುಗಿಸಿ, ಈಚೆಯಿಂದ ಹೊರಬಂದು, ನೇರ ಗುಡಾರಕ್ಕೆ ಬಂದು ನನಗಾಗಿ ಕುಳಿತಿದ್ದ. ನಾನು ಬಂಡೆಯೊಳಗಿಂದ ಬಂತೆಂದುಕೊಂಡ ಬೊಗಳು ಬಂಡೆಯ ಆಚೆಯಿಂದ ಬಂದದ್ದು. ನಾನು ಅವನನ್ನು ಕರೆಯುತ್ತಿದ್ದೆ, ಅವನು ನನ್ನನ್ನು ಕರೆಯುತ್ತಿದ್ದ. ಅವನ ಲೆಕ್ಕದಲ್ಲಿ ಬರಬೇಕಾದವನು ನಾನು. ಒಂದೇ ಗುಡ್ಡದ ಎರಡು ಮಗ್ಗುಲಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಕಾವಲು ಕುಳಿತಿದ್ದೆವು.

ಅವನನ್ನು ಹೊಡೆಯಲು ಕೈಯೆತ್ತಿದೆ. ಇದೂ ನಿಜ. ಅವನು ಎದ್ದು ಬಂದು ಎತ್ತಿದ ಕೈಯ ಕಡೆ ನೋಡಲೂ ಇಲ್ಲ. ನನ್ನ ಬೂಟು, ಮಂಡಿ, ಇನ್ನೊಂದು ಕೈಯ ಬೆರಳು ಎಲ್ಲವನ್ನೂ ಮೂಸಿ ಮೂಸಿ, ನಾನು ಪೂರ್ತಿ ಇದ್ದೇನೆಂದು ಖಾತ್ರಿ ಮಾಡಿಕೊಂಡು, ಒಂದು ನಿಟ್ಟುಸಿರು ಬಿಟ್ಟು ನನ್ನ ಪಾದದ ಮೇಲೆ ಒರಗಿದ. ಕಳೆದುಹೋಗಿದ್ದ ಮರಿ ಸಿಕ್ಕಿತ್ತು. ಅಂಥವನನ್ನು ಏನೆಂದು ಹೊಡೆಯುವುದು? ಅಲ್ಲೇ ಕುಸಿದು ಕುಳಿತೆ.

ಕಾರ್ಲ್ಸ್‌ರುಹೆ ಸ್ಟೇಷನ್ನಿನಲ್ಲಿ ನನ್ನ ಪೆಟ್ಟಿಗೆ ಹಿಡಿದು ಕಾದು ಕಾದು ರಂಗನಾಥ ಮನೆಗೇ ಬಂದಿದ್ದ. ವಿಮಾನ ಹೊರಟು ಹೋಗಿತ್ತು. ಫ್ರೌ ಕ್ನೋಪ್ ಎಲ್ಲವನ್ನೂ ಕೇಳಿದರು. ಬಿಲದ ಬಾಯಿಯಲ್ಲಿ ನನ್ನ ಕೋಟನ್ನು ಹಾಸಿ ನಾನು ಬಂದುಬಿಡಬೇಕಿತ್ತಂತೆ. ಬೇರೆಲ್ಲೂ ಹೋಗದಿದ್ದರೆ ನಾಯಿ ಬಂದು ಅದರ ಮೇಲೆ ಮಲಗಿರುತ್ತದೆ, ಮರುದಿನ ಯಾರಾದರೂ ಹೋಗಿ ತರಬಹುದು. ಡಾಕೆಲ್ ಸಾಕಿದ ಎಲ್ಲರಿಗೂ ಇದು ಗೊತ್ತು. "ನಿಮಗೆ ಗೊತ್ತಿರುತ್ತದೆ ಎಂದುಕೊಂಡಿದ್ದೆ. ನಾನು ಹೇಳಬೇಕಿತ್ತು," ಎಂದು ಅವರು ಸೆಟೆದು ನಿಂತೇ ಹೇಳಿದರು. ಆಮೇಲೆ ಲುಟ್ಸ್‌ನನ್ನು ತೊಟ್ಟಿಗೆ ಹಾಕಿ, ನೀರು ಕೆಂಪಾಗಿ ಹರಿಯುವಷ್ಟು ತೊಳೆದರು. ತೊಳೆದಾದ ಮೇಲೂ ಬಹಳ ಹೊತ್ತು ಅವರು ಸ್ನಾನದ ಕೋಣೆಯಿಂದ ಹೊರಗೆ ಬರಲಿಲ್ಲ.

ಇನ್ನೊಂದು ವಿಮಾನದಲ್ಲಿ ಜಾಗ ಸಿಗಲು ಗುರುವಾರವಾಯಿತು. ಮುಂಬೈ, ಸೊಲ್ಲಾಪುರ, ಅಲ್ಲಿಂದ ಗದಗದ ಗಾಡಿ. ನಾನು ಬಾದಾಮಿಯಲ್ಲಿ ಇಳಿದದ್ದು ಆಯಿಯನ್ನು ಮಣ್ಣು ಮಾಡಿದ ಮರುದಿನ. ಸೋಮವಾರ ಹೊರಟಿದ್ದರೆ ಅವಳ ಪಕ್ಕದಲ್ಲಿ ಕುಳಿತಿರುತ್ತಿದ್ದೆ. ಈ ಲೆಕ್ಕವನ್ನು ಬೇಡವೆಂದರೂ ಮನಸ್ಸು ಮಾಡಿತು, ಈಗಲೂ ಮಾಡುತ್ತದೆ.

ಅವ್ವ ಅಂಗಳದಲ್ಲಿ ನನ್ನ ಕೈಹಿಡಿದು ಕೂರಿಸಿಕೊಂಡಳು. "ನೀರು ತುಟಿಗಿ ಹಚ್ಚಿದ್ರ ಬಾಯಿ ತಗೀಲಿಲ್ಲಪ್ಪ ಅಕಿ. ಹಲ್ಲು ಕಚಗೊಂಡು ಮಕ್ಕೊಂಡಿದ್ಳು. ಕಣ್ಣು ಕಾಣಸ್ತಿರಲಿಲ್ಲ. ಕಡೀಕ ನಾನ ಹೇಳಿದ್ನಿ, 'ಅತ್ತಿ, ಮಲ್ಲ್ಯಾ ಬಂದಾನ, ಅಂವನ ಬಿಡಾಕತ್ತಾನ, ಕುಡಿ,' ಅಂತ. ಹಂಗಂದ ಮ್ಯಾಲ ಬಾಯಿ ತಗದ್ಳು. ಕುಡದು ಹ್ವಾದ್ಳು."

ಅಳು ಬರಬೇಕಿತ್ತು, ಬರಲಿಲ್ಲ. ಅವ್ವ ಕೇಳಿದಳು, "ಸೋಮಾರ ಹೊಂಡತೀನಿ ಅಂತ ತಂತಿ ಕೊಟ್ಟಿದ್ದಿ ಅಲ್ಲ, ಯಾಕ ತಡಾ ಆತು?"

ಹೇಳಿದೆ. ನಾಯಿ ಬಿಲದಾಗ ಸಿಕ್ಕೊಂಡಿತ್ತು, ಬಿಟ್ಟು ಬರಾಕ ಆಗಲಿಲ್ಲವ್ವ ಎಂದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ. ಅವ್ವ ಬೈಯಲಿಲ್ಲ. ನನ್ನ ತಲೆ ಮೇಲೆ ಕೈಯಿಟ್ಟಳು.

"ಛಲೋ ಮಾಡಿದಿ. ಐತಾರದ ದಿನಾ ಮೈಲಾರಲಿಂಗನ ನಾಯಿ ಬಿಟ್ಟು ಓಡಿ ಬಂದಿದ್ರ, ನಿಮ್ಮ ಆಯಿ ನೀನ ಬಿಟ್ರೂ ಆ ನೀರು ಕುಡೀತಿರಲಿಲ್ಲ. ಅಕೀನ ನಿನ್ನ ಅಲ್ಲಿ ಕುಂಡರಿಸ್ಯಾಳ. ನೀನೊಬ್ಬಾವ ಇದ್ದಿ ಅಂತ ಆ ಜೀವ ಉಳೀತು." ಸೆರಗಿನಿಂದ ಕಣ್ಣೊರೆಸಿಕೊಂಡು, ಪಕ್ಕದ ಮನೆಯವರಿಗೆ ಕೇಳಿಸುವಂತೆ ಅದನ್ನೇ ಇನ್ನೊಮ್ಮೆ ಹೇಳಿದಳು. ಮುಂದೆ ತಾನು ಇರುವವರೆಗೂ, ಬಂದವರಿಗೆ, ಹೋದವರಿಗೆ ಅವಳು ಅದನ್ನು ಹೇಳುತ್ತಲೇ ಇದ್ದಳು.

ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, "ಉಳೀತಲ್ಲಪ್ಪ ಅದು? ಯಾಕಡಿಂದ ಹೊರಗ ಬಂತು?"

"ಹ್ವಾದ ಕಡಿಂದನ ಬಂತವ್ವ," ಎಂದೆ. "ನಾ ಕುಂತಲ್ಲೇ ಬಂತು."